ಕಣ್ಣು ತೆರೆಸುವ ಕೆಲಸ

ಮೆಹ್ವಿಶ್‌ಳ ಕಾಲೇಜಿನವರಿಗೆ ಮಾಡಲು ಬೇರೆ ಕೆಲಸವಿಲ್ಲ. ಇದ್ದಿದ್ದರೆ, ಶುಕ್ರವಾರ ಮಧ್ಯಾಹ್ನ ಈರುಳ್ಳಿ ಹೆಚ್ಚುತ್ತಾ ಕೂತಿದ್ದ ನನ್ನ ಬಾಯಿಯ ಹತ್ತಿರ ಫೋನ್ ಹಿಡಿದು, "ಮುಮಾನಿ, ಕಲೆ ಅಂದ್ರೆ ಏನು?" ಅಂತ ಕೇಳುವ ಗತಿ ಆ ಹುಡುಗಿಗೆ ಬರುತ್ತಿರಲಿಲ್ಲ.

ಅವಳು ನನ್ನ ಗಂಡ ಆದಿಲ್‌ನ ಅಕ್ಕನ ಮಗಳು. ಚಿತ್ರಕಲೆ ಓದುತ್ತಿದ್ದಾಳೆ, ಎರಡನೇ ವರ್ಷ. ಕಂಪ್ಯೂಟರಿನಲ್ಲಿ ಚಿತ್ರ ಮಾಡುವ ಯಾರನ್ನಾದರೂ ಹಿಡಿದು, ಅವರ ಒಂದು ಕೃತಿ ತಂದು, ಅದನ್ನು ಹೇಗೆ ಮಾಡಿದರು, ಅವರ ಲೆಕ್ಕದಲ್ಲಿ ಕಲೆ ಅಂದರೇನು ಅಂತ ಬರೆದುಕೊಂಡು ಹೋಗಬೇಕಂತೆ. ಊರಲ್ಲಿ ಅವಳಿಗೆ ನಾನೇ ಸಿಕ್ಕಿದ್ದು.

"ಕಸ್ಟಮರ್ ನೋಡಿ ಹ್ಞೂಂ ಅಂದ್ರೆ ಕಲೆ. ಉಹ್ಞೂಂ ಅಂದ್ರೆ ವೇಸ್ಟ್ ಫ್ಲೆಕ್ಸು. ಬರ್ಕೋ," ಅಂದೆ.

"ಸೀರಿಯಸ್ಸಾಗಿ ಹೇಳಿ ಮುಮಾನಿ."

"ನಾನು ಯಾವಾಗ ತಮಾಷೆ ಮಾಡಿದೀನಿ?"

ಹದಿನೇಳು ವರ್ಷದಿಂದ ನಾನು ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಗಯಾಜ್ ಭಾಯಿಯ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದೇನೆ. ಹುಟ್ಟುಹಬ್ಬದ ಬ್ಯಾನರ್, ಗೃಹಪ್ರವೇಶದ ಬ್ಯಾನರ್ ಎಲ್ಲಾ ಬರುತ್ತವೆ. ಆದರೆ ನನ್ನ ಹೊಟ್ಟೆ ತುಂಬಿಸಿದ್ದು ಶ್ರದ್ಧಾಂಜಲಿ ಬ್ಯಾನರ್. ಸತ್ತವರ ಮನೆಯವರು ಫೋನಿನಲ್ಲಿ ಒಂದು ಫೋಟೋ ತರುತ್ತಾರೆ. ಯಾರದೋ ಮದುವೆಯಲ್ಲಿ ಊಟಕ್ಕೆ ಕೂತಾಗ ತೆಗೆದದ್ದು, ಒಂದು ಭುಜ ಇಲ್ಲ, ಬಾಯಲ್ಲಿ ಅನ್ನ, ಕಣ್ಣು ಮುಚ್ಚಿದೆ. ನಾನು ಅನ್ನ ಅಳಿಸುತ್ತೇನೆ, ಭುಜ ಕೊಡುತ್ತೇನೆ, ಜೀವಮಾನದಲ್ಲಿ ಕೋಟು ಹಾಕದವನಿಗೆ ಕೋಟು ಹಾಕುತ್ತೇನೆ, ಹಿಂದೆ ನೀಲಿ ಆಕಾಶ ಇಡುತ್ತೇನೆ. ಕೊನೆಗೆ ಕಣ್ಣು ತೆರೆಸುತ್ತೇನೆ. ಅದಕ್ಕೆ ಅಂತಲೇ 'ಕಣ್ಣು' ಅನ್ನುವ ಫೋಲ್ಡರ್ ಇದೆ. ಗಂಡಸರದು, ಹೆಂಗಸರದು, ಮುದುಕರದು. ಎಲ್ಲಾ ಬೇರೆ ಗಿರಾಕಿಗಳ ಫೋಟೋಗಳಿಂದ ಕತ್ತರಿಸಿಟ್ಟದ್ದು. ಯಾರಿಗೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ.

"ಈಗ ಆ್ಯಪ್‌ಗೆ ಹಾಕಿದ್ರೆ ಎರಡೇ ಸೆಕೆಂಡಲ್ಲಿ ಕಣ್ಣು ತೆರೆಸತ್ತೆ, ಗೊತ್ತಾ?" ಅಂದಳು ಮೆಹ್ವಿಶ್.

"ಯಾರ ಕಣ್ಣು?"

"ಯಾರದೂ ಅಲ್ಲ ಮುಮಾನಿ. ಅದೇ ಮಾಡ್ಕೊಳತ್ತೆ."

"ಹಾಗಾದ್ರೆ ಹೋಗು, ಅದನ್ನೇ ಕೇಳು ಕಲೆ ಅಂದ್ರೆ ಏನು ಅಂತ."

ಅವಳಿಗೆ ಬೇಜಾರಾಯಿತು. ನನ್ನ ಬಾಯಿ ಹಾಗೇ, ಏನು ಮಾಡಲಿ. "ಹೋಗ್ಲಿ, ನೀವು ಮಾಡಿದ್ರಲ್ಲಿ ಬೆಸ್ಟ್ ಅನ್ಸೋದು ಒಂದು ಕೊಡಿ. ಫೈಲ್ ಕೊಟ್ರೆ ಸಾಕು," ಅಂದಳು. ಸೋಮವಾರ ಕೊಡುತ್ತೇನೆ ಅಂದೆ. ಯಾವುದು ಅಂತ ಯೋಚನೆ ಮಾಡುವ ಅಗತ್ಯವೇ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ದೊಡ್ಡನೆಕ್ಕುಂದಿಯಿಂದ ಮುನಿಆಂಜನಪ್ಪ ಅನ್ನುವವರು ಅಂಗಡಿಗೆ ಬಂದರು. ಅವರ ಒಂಬತ್ತು ವರ್ಷದ ಮಗ ಮುನೀಂದ್ರ, ಅವರೇ ಕಟ್ಟಿಸುತ್ತಿದ್ದ ಪಿಜಿ ಕಟ್ಟಡದ ನೀರಿನ ಸಂಪಿಗೆ ಬಿದ್ದು ಹೋಗಿದ್ದ. "ಮುಚ್ಚಳ ಇರ್ಲಿಲ್ಲಮ್ಮ," ಅಂದರು. ನಾನು ಅಳತೆ ಕೇಳಿದೆ. "ಮುಚ್ಚಳ ಇರ್ಲಿಲ್ಲ," ಅಂತ ಮತ್ತೆ ಅಂದರು. ಹನ್ನೊಂದನೇ ದಿನದ ಕಾರ್ಯಕ್ಕೆ ಎಂಟಡಿಗೆ ಆರಡಿ ಫ್ಲೆಕ್ಸ್ ಒಂದು, ಮನೆಗೆ ಫ್ರೇಮ್ ಒಂದು ಬೇಕಿತ್ತು.

ಅವರ ಫೋನಿನಲ್ಲಿ ಹುಡುಗನ ಫೋಟೋ ಮೂವತ್ತಾದರೂ ಇದ್ದವು. ಮೂವತ್ತರಲ್ಲೂ ಕಣ್ಣು ಮುಚ್ಚಿಕೊಂಡಿದ್ದ.

"ಏನ್ರೀ ಇದು, ಒಂದ್ರಲ್ಲೂ ಕಣ್ಣು ಬಿಟ್ಟಿಲ್ವಲ್ಲ?" ಅಂತ ರೇಗಿದೆ. ಕೆಲಸದ ಹೊತ್ತಿನಲ್ಲಿ ಎದುರಿಗೆ ಕೂತವರು ಯಾರು, ಏನಾಗಿ ಬಂದಿದ್ದಾರೆ ಅನ್ನುವುದು ನನಗೆ ಮರೆತುಹೋಗುತ್ತದೆ.

"ಫೋಟೋ ಅಂದ್ರೆ ಕಣ್ಣು ಮುಚ್ಕೊಂಬಿಡೋನು," ಅಂದು ಮುಖ ಆಚೆ ತಿರುಗಿಸಿಕೊಂಡರು. ಯಾಕೆ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಫೋಲ್ಡರಿನಲ್ಲಿ ಮಕ್ಕಳ ಕಣ್ಣು ಕಡಿಮೆ. ಮಕ್ಕಳದು ಅಷ್ಟು ಬೇಕಾಗುವುದಿಲ್ಲ, ಅಲ್ಲಾಹನ ದಯೆ. ಇದ್ದವು ಯಾವುವೂ ಹೊಂದಲಿಲ್ಲ. ಆಗ ನನ್ನ ಮಗ ಯಾಸಿರ್ ಸ್ಕೂಲ್ ಬಿಟ್ಟು ಬಂದು ಫ್ಲೆಕ್ಸ್ ರೋಲುಗಳ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ. ನಾಲ್ಕನೇ ಕ್ಲಾಸು. ಅದೇ ವಯಸ್ಸು, ಹೆಚ್ಚುಕಡಿಮೆ ಅದೇ ಬಣ್ಣ.

"ಇಲ್ಲಿ ಬಾ. ಬಾಗಿಲ ಕಡೆ ತಿರುಗಿ ನಿಂತ್ಕೋ. ಕಣ್ಣು ಮಿಟುಕಿಸ್ಬೇಡ."

"ಯಾಕಮ್ಮಿ?"

"ಕೆಲಸ ಇದೆ. ಬಾಯಿ ಮುಚ್ಚು."

ನಾನು ಬಾಗಿಲಿಗೆ ಬೆನ್ನು ಮಾಡಿ, ಎರಡೂ ಕೈಯಲ್ಲಿ ಫೋನ್ ಎತ್ತಿ ಹಿಡಿದೆ. ಅವನು ಕಣ್ಣು ಮಿಟುಕಿಸದೇ ಇರಲು ಎಷ್ಟು ಹಟ ಮಾಡಿದನೆಂದರೆ ಕಣ್ಣಲ್ಲಿ ನೀರು ತುಂಬಿಕೊಂಡಿತು. ಆ ಒದ್ದೆ ನನಗೆ ಬಹಳ ಒಳ್ಳೆಯದಾಯಿತು. ಒಣಗಿದ ಕಣ್ಣು ಅಂಟಿಸಿದರೆ ಗಾಜಿನ ಗೋಲಿ ಇಟ್ಟ ಹಾಗೆ ಕಾಣುತ್ತದೆ. ಈ ಕಣ್ಣು ಮುನೀಂದ್ರನ ಮುಖದಲ್ಲಿ ಕೂತ ಕೂಡಲೇ ಆ ಮುಖಕ್ಕೆ ಉಸಿರು ಬಂತು. ರೆಪ್ಪೆಯ ಕೆಳಗಿನ ನೆರಳು, ಹುಬ್ಬು, ಚರ್ಮದ ಬಣ್ಣ, ಎಲ್ಲಾ ಕೂದಲೆಳೆಯಷ್ಟೂ ಜಗ್ಗದಂತೆ ಹೊಂದಿಸಿದೆ. ಒಂದೇ ಒಂದು ಬಿಟ್ಟುಹೋಯಿತು. ಕಣ್ಣಿನ ಕಪ್ಪು ಗುಡ್ಡೆಯಲ್ಲಿ ಎದುರಿಗಿರುವುದೆಲ್ಲ ಕಾಣುತ್ತದೆ. ಅದನ್ನು ಅಳಿಸಿ ಒಂದು ಬಿಳಿ ಚುಕ್ಕೆ ಇಡುವುದು ನಮ್ಮ ಪದ್ಧತಿ. ಅವತ್ತು ಪ್ರಿಂಟಿಂಗ್ ಮಷೀನಿನವನು ಅವಸರ ಮಾಡುತ್ತಿದ್ದ, ನಾನು ಅಳಿಸದೆ ಕಳಿಸಿಬಿಟ್ಟೆ. ಬೆಳಕಿನ ಬಾಗಿಲು, ಅದರ ಮಧ್ಯೆ ಬುರ್ಖಾದಲ್ಲಿ ಕಪ್ಪಗೆ ನಿಂತ ನಾನು, ಇರುವೆಯಷ್ಟು, ಆ ಕಣ್ಣಲ್ಲೇ ಉಳಿದೆ.

ಮುನಿಆಂಜನಪ್ಪ ಸ್ಕ್ರೀನ್ ನೋಡಿ ಟೇಬಲ್ ಅಂಚು ಹಿಡಿದುಕೊಂಡು ಕೂತರು. "ನನ್ನನ್ನೇ ನೋಡ್ತವ್ನೆ," ಅಂದರು. ಹಿಂದೆ ಯಾಸಿರ್ ಕಿಸಕ್ಕನೆ ನಕ್ಕ. ನಾನು ಅವನ ತೊಡೆ ಚಿವುಟಿದೆ.

ಅಕ್ಟೋಬರಿನಲ್ಲಿ ಯಾಸಿರ್‌ಗೆ ಡೆಂಗ್ಯೂ ಬಂತು. ನಾಲ್ಕು ದಿನ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ನನ್ನಿಂದ ಆಗುವುದಿಲ್ಲ.

ಮಣ್ಣು ಕೊಟ್ಟು ಬಂದ ಮೂರನೇ ದಿನ ಆದಿಲ್ ಒಂದು ಮಾತು ಅಂದ. "ಹೆಣದ ಮುಖಕ್ಕೆ ಮಗನ ಕಣ್ಣು ಕೊಟ್ಟೆ. ಇನ್ನೇನಾಗತ್ತೆ ಅಂದ್ಕೊಂಡಿದ್ದೆ ನೀನು?" ಆಮೇಲೆ ಎಂದೂ ಆ ಮಾತು ಆಡಲಿಲ್ಲ. ಆಡಿದ್ದು ತಪ್ಪಾಯಿತು ಅಂತಲೂ ಅನ್ನಲಿಲ್ಲ. ನಾಲ್ಕು ವರ್ಷದಿಂದ ಅದು ನನ್ನ ಎದೆಯ ಮೇಲೆ ಕೂತಿದೆ. ಅನ್ನ ತಿನ್ನುವಾಗಲೂ ಕೂತಿರುತ್ತದೆ.

ಆ ವಾರವೇ ಅವನು ಫೋಟೋಗಳನ್ನೆಲ್ಲಾ ಅಳಿಸಿದ. "ನೋಡ್ತಾ ಕೂತ್ರೆ ಅವನಿಗೆ ದುವಾ ಮಾಡಲ್ಲ, ಬರೀ ಹುಚ್ಚು ಹಿಡಿಯತ್ತೆ," ಅಂದ. ನನ್ನ ಫೋನನ್ನೂ ಕೇಳಿದ, ಕೊಟ್ಟೆ. ಕೊಡುವಾಗ ಸರಿ ಅನ್ನಿಸಿತ್ತು. ಆದಿಲ್ ಮೊಬೈಲ್ ರಿಪೇರಿಯವನು, ಫೋನಿನಲ್ಲಿ ಎಲ್ಲೆಲ್ಲಿ ಏನೇನು ಉಳಿದುಕೊಂಡಿರುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಒಂದನ್ನೂ ಬಿಡಲಿಲ್ಲ. ಸ್ಕೂಲಿನ ಐಡಿ ಕಾರ್ಡನ್ನೂ ಕತ್ತರಿಸಿ ಹಾಕಿದ. ಈಗ ಮನೆಯಲ್ಲಿರುವುದು ಅವನ ಆಧಾರ್ ಕಾರ್ಡ್ ಒಂದೇ. ಅದರಲ್ಲಿ ಎರಡು ವರ್ಷದ ಕೂಸು, ಮುಖ ಯಾವುದು ಮಸಿ ಯಾವುದು ಗೊತ್ತಾಗುವುದಿಲ್ಲ.

ಆದರೆ ಅಂಗಡಿಯ ಕಂಪ್ಯೂಟರಿನಲ್ಲಿ ಆ ವರ್ಷದ ಕೆಲಸಗಳ ಮಧ್ಯೆ ಅವನ ಕಣ್ಣಿವೆ ಅನ್ನುವುದು ಆದಿಲ್‌ಗೆ ಹೊಳೆದಿರಲಿಲ್ಲ. ಬೇರೆ ಯಾವ ಹೆಣಕ್ಕೂ ಹೋಗಬಾರದು ಅಂತ ಅವನ್ನು ನಾನು 'ಕಣ್ಣು' ಫೋಲ್ಡರಿಗೆ ಸೇರಿಸಿರಲಿಲ್ಲ. ಒಂದು ದಿನವೂ ತೆಗೆದು ನೋಡಿರಲಿಲ್ಲ. ಇವೆ ಅನ್ನುವುದೇ ನನಗೆ ಸಾಕಿತ್ತು.

ಸೋಮವಾರ ಹೋಗಿ ಹುಡುಕಿದರೆ ಆ ವರ್ಷವೇ ಇಲ್ಲ.

"ಹೋದ ರಂಜಾನ್‌ಗೆ ಸಿಸ್ಟಮ್ ಚೇಂಜ್ ಮಾಡಿದ್ವಲ್ಲಮ್ಮಾ," ಅಂದರು ಗಯಾಜ್ ಭಾಯಿ. "ನೀನು ಕೇಳಿದ 'ಕಣ್ಣು' ಫೋಲ್ಡರ್ ಹಾಕಿಸಿ ಕೊಟ್ಟೆ. ಮಿಕ್ಕಿದ್ದು ಹಳೇ ಡಿಸ್ಕಲ್ಲಿತ್ತು, ಗುಜರಿಗೆ ಹೋಯ್ತು. ಅವೆಲ್ಲಾ ಮುಗಿದುಹೋದ ಕೆಲಸ, ಯಾರಿಗೆ ಬೇಕು?"

ಅವರಿಗೆ ಗೊತ್ತಿರಲಿಲ್ಲ, ತಪ್ಪು ಅವರದಲ್ಲ. ಆದರೂ ಆ ಕ್ಷಣ ಆ ಮನುಷ್ಯನ ಮುಖ ನೋಡಲು ನನ್ನಿಂದ ಆಗಲಿಲ್ಲ. ಆಚೆ ಬಂದು ಮಾರ್ಕೆಟ್ಟಿನ ಹೂವಿನ ಅಂಗಡಿಗಳ ಹತ್ತಿರ ನಿಂತು ಅತ್ತೆ. ಹೂವಿನವಳು ಸ್ಟೂಲ್ ಕೊಟ್ಟಳು. ಸ್ವಲ್ಪ ಹೊತ್ತಿಗೆ ತಲೆ ಓಡಿತು. ಇನ್ನೂ ಒಂದು ಕಡೆ ಇರಬಹುದು. ಆ ಮನೆಯ ಗೋಡೆಯ ಮೇಲೆ, ಫ್ರೇಮಿನಲ್ಲಿ.

ದೊಡ್ಡನೆಕ್ಕುಂದಿ ಬಸ್ ಹತ್ತಿದೆ. ಏನು ಹೇಳುವುದು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಫೋಟೋ ತೆಗೆಯಬೇಕು ಅಂದರೆ ಯಾಕೆ ಅನ್ನುತ್ತಾರೆ. ನಿಜ ಹೇಳಿದರೆ, ನಾಲ್ಕು ವರ್ಷದಿಂದ ಪೂಜೆ ಮಾಡಿಕೊಂಡು ಬಂದ ಕಣ್ಣು ಮಗನದಲ್ಲ ಅಂತ ಆ ತಾಯಿಯ ಬಾಯಿಗೆ ಮಣ್ಣು ಹಾಕಿದಂತೆ. ಕಾಲೇಜಿನ ಹುಡುಗಿಯ ಪ್ರಾಜೆಕ್ಟಿಗೆ ಅಂತ ಹೇಳೋಣ ಅಂದುಕೊಂಡೆ. ಅದು ಅರ್ಧ ನಿಜವೂ ಹೌದು.

ಸಂಪಿಗೆ ಬಿದ್ದ ಹುಡುಗನ ಮನೆ ಅಂದರೆ ಅಲ್ಲಿ ಎಲ್ಲರೂ ತೋರಿಸುತ್ತಾರೆ. ನಾಲ್ಕು ಅಂತಸ್ತಿನ ಪಿಜಿ, ಕೆಳಗಿನ ಮನೆ ಅವರದು. ಬಾಗಿಲ ಪಕ್ಕದಲ್ಲೇ ಸಂಪು, ಮೇಲೆ ಇಬ್ಬರು ಸೇರಿ ಎತ್ತಬೇಕಾದಷ್ಟು ದಪ್ಪದ ಕಬ್ಬಿಣದ ಮುಚ್ಚಳ, ಅದಕ್ಕೆ ಎರಡು ಬೀಗ. ಮುನೀಂದ್ರನ ತಾಯಿ ಆಂಜನಮ್ಮ ಬಾಗಿಲು ತೆಗೆದರು. ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಫ್ಲೆಕ್ಸ್ ಅಂಗಡಿಯಿಂದ ಬಂದೆ, ನಮ್ಮ ಹುಡುಗಿಗೆ ಕಾಲೇಜಿಗೆ ಬೇಕಂತೆ, ಫ್ರೇಮಿನದು ಒಂದು ಫೋಟೋ ತಗೊಂಡು ಹೋಗುತ್ತೇನೆ ಅಂತ ಬಸ್ಸಿನಲ್ಲಿ ಉರುಹೊಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. "ಬನ್ನಿ ಒಳಕ್ಕೆ," ಅಂದರು.

ಫ್ರೇಮ್ ಬಾಗಿಲ ಎದುರಿನ ಗೋಡೆಯ ಮೇಲಿತ್ತು. ಸೇವಂತಿಗೆ ಹಾರ, ಹಣೆಗೆ ಕುಂಕುಮ, ಕೆಳಗೆ ದೀಪ, ಒಂದು ಚಿಪ್ಸ್ ಪ್ಯಾಕೆಟ್. ಮುಖ ಯಾರದೋ. ಆ ಮುಖದೊಳಗಿಂದ ನನ್ನ ಮಗ ನನ್ನನ್ನು ನೋಡಿದ. ಕಣ್ಣಲ್ಲಿ ನೀರು ತುಂಬಿಕೊಂಡು, ಮಿಟುಕಿಸದೆ, ನಾನು ಹೇಳಿದ ಮಾತು ಕೇಳಿಕೊಂಡು ನಿಂತಿದ್ದ. ಬಾಯಿ ಮುಚ್ಚು ಅಂದಿದ್ದೆನಲ್ಲ, ಸುಮ್ಮನೆ ನಿಂತಿದ್ದ. ಇಲ್ಲಿ ಅತ್ತರೆ ಕೆಲಸ ಕೆಡುತ್ತದೆ ಅಂತ ತುಟಿ ಕಚ್ಚಿಕೊಂಡು, ಬಾಗಿಲಿಗೆ ಬೆನ್ನು ಮಾಡಿ, ಎರಡೂ ಕೈಯಲ್ಲಿ ಫೋನ್ ಎತ್ತಿದೆ.

"ನೀವೇ," ಅಂದರು ಆಂಜನಮ್ಮ.

ತಿರುಗಿ ನೋಡಿದೆ. ಅವರು ನನ್ನನ್ನೊಮ್ಮೆ, ಫ್ರೇಮನ್ನೊಮ್ಮೆ ನೋಡುತ್ತಿದ್ದರು.

"ಆ ಕಣ್ಣೊಳಗೆ ನಿಂತಿರೋದು ನೀವೇ ಅಲ್ವಾ?"

ಎತ್ತಿದ್ದ ಫೋನನ್ನು ಬೆನ್ನ ಹಿಂದೆ ಮರೆಮಾಡಿದೆ. ಹದಿನೇಳು ವರ್ಷದಲ್ಲಿ ಯಾವ ಗಿರಾಕಿಯೂ ನನ್ನನ್ನು ಹಾಗೆ ಹಿಡಿದು ನಿಲ್ಲಿಸಿರಲಿಲ್ಲ.

"ಯಾಕಂಗೆ ಗಾಬರಿ ಆಯ್ತೀರಾ, ಕೂತ್ಕಳಿ. ನಂಗೆ ಅವತ್ತೇ ಗೊತ್ತಾಯ್ತು ಕಣಕ್ಕ. ನನ್ನ ಮಗಂಗೆ ಎಡಗಣ್ಣು ಮಾಲು. ಸ್ಕೂಲಲ್ಲಿ ಆಡ್ಕೊಳ್ಳೋರು ಅಂತ ಫೋಟೋ ತೆಗೆಯೋಕೆ ಹೋದ್ರೆ ಕಣ್ಣು ಮುಚ್ಕೊಳ್ಳೋನು. ಇದು ನೋಡಿ, ಎರಡೂ ನೆಟ್ಟಗವೆ. ಹೆತ್ತೋಳಿಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲಮ್ಮಾ?"

"ಯಾರಿಗೆ ಹೇಳ್ಲಿ? ಸಂಪಿಗೆ ಮುಚ್ಚಳ ಹಾಕಿಸ್ಲಿಲ್ಲ ಅಂತ ನಮ್ಮೆಜಮಾನ್ರು ಅನ್ನ ನೀರು ಬಿಟ್ಟಿದ್ರು. ಈ ಫೋಟೋ ತಂದಿಟ್ಟ ದಿನ ಅದರ ಮುಂದೆ ಕೂತ್ಕಂಡು ಎರಡು ತುತ್ತು ಉಂಡ್ರು. ನನ್ನ ಮಗ ನನ್ನ ನೋಡ್ತವ್ನೆ, ಬೈತಾ ಇಲ್ಲ ಅಂದ್ರು. ಅದನ್ನ ನಾನ್ಯಾಕೆ ಕಿತ್ಕಳ್ಳಿ?"

ಒಳಗೆ ಹೋಗಿ ನೀರು ತಂದುಕೊಟ್ಟರು. ಕುಡಿದು ಲೋಟ ಕೆಳಗಿಟ್ಟೆ.

"ಬಸ್ ಸ್ಟಾಪ್ ಹತ್ರ ಅಷ್ಟು ದೊಡ್ಡದಾಗಿ ಕಟ್ಟಿದ್ರಲ್ಲ, ದಿನಾ ಹೋಗಿ ನೋಡ್ತಿದ್ದೆ. ಕಣ್ಣೊಳಗೆ ಯಾರೋ ಬುರ್ಖಾ ಹಾಕ್ಕಂಡೋರು ಎರಡೂ ಕೈ ಎತ್ಕಂಡು ನಿಂತಿದ್ರು. ದೇವರನ್ನ ಬೇಡ್ಕಳ್ತಾವ್ರೆ ಅಂದ್ಕಂಡೆ. ಯಾರೋ ಏನೋ, ನನ್ನ ಮಗನಿಗೋಸ್ಕರ ಬೇಡ್ಕಳ್ತಾವ್ಳಲ್ಲ ತಾಯಿ ಅಂತ ಎಷ್ಟೋ ಸಮಾಧಾನ ಆಗೋದು."

ನಾನು ಬೇಡಿಕೊಳ್ಳುತ್ತಿರಲಿಲ್ಲ. ಬೆಳಕು ಸರಿಯಾಗಿದೆಯೇ ಅಂತ ನೋಡುತ್ತಿದ್ದೆ. ಕೂದಲೆಳೆಯಷ್ಟೂ ಜಗ್ಗದ ಹಾಗೆ ನಾನು ಹೊಂದಿಸಿದ ರೆಪ್ಪೆ, ಚರ್ಮ, ನೀಲಿ ಆಕಾಶ, ಇವು ಯಾವುವನ್ನೂ ಈ ಹೆಂಗಸು ನೋಡಿಯೇ ಇರಲಿಲ್ಲ. ನಾನು ಅಳಿಸಲು ಮರೆತದ್ದನ್ನೇ ದಿನಾ ನೋಡುತ್ತಾ ಬದುಕಿದ್ದಳು.

"ಯಾರ ಮಗಿಂದು ಆ ಕಣ್ಣು?" ಅಂತ ಕೇಳಿದರು.

"ನನ್ನ ಮಗಂದು," ಅಂದೆ. "ಯಾಸಿರ್."

"ಚೆನ್ನಾಗವ್ನಾ?"

ನಾನು ಬಾಯಿ ತೆರೆಯುವ ಮೊದಲೇ ಅವರು ಮುಂದುವರಿಸಿದರು. "ಹೋದೋನ ಮುಖಕ್ಕೆ ಬದುಕಿರೋ ಮಗು ಕಣ್ಣು ಇಟ್ಟವ್ರೆ, ಆ ಮಗಿಗೆ ಏನೂ ಆಗ್ಬಾರ್ದು ಕಣಪ್ಪ, ನನ್ನ ಮಗ ತಪ್ಪು ತಿಳ್ಕಂಡು ಆ ಮಗೂನ ಜೊತೆಗೆ ಕರ್ಕಂಡು ಹೋಗ್ಬಾರ್ದು ಅಂತ ದಿನಾ ದೀಪ ಹಚ್ತೀನಿ. ಒಂದು ನನ್ನ ಮಗಂಗೆ, ಒಂದು ಅವನಿಗೆ. ನೋಡಿ, ಎರಡು ಬತ್ತಿ."

ದೀಪದಲ್ಲಿ ಎರಡು ಬತ್ತಿ ಇದ್ದವು. ಆದಿಲ್ ಹೇಳಿದ್ದೂ ಇದನ್ನೇ. ಅವನು ಅದನ್ನು ನನ್ನ ತಲೆಗೆ ಕಟ್ಟಿದ್ದ. ಇವಳು ಅದೇ ಹೆದರಿಕೆಯನ್ನು ನಾಲ್ಕು ವರ್ಷದಿಂದ ಎಣ್ಣೆ ಹಾಕಿ ಹೊತ್ತುಕೊಂಡಿದ್ದಳು. ನಾನು ನಿಜ ಹೇಳಿದರೆ ಆ ಸಂಪಿನ ಪಕ್ಕದಲ್ಲಿ ಇನ್ನೊಂದು ಸಂಪು ತೋಡಿದ ಹಾಗೆ.

"ಚೆನ್ನಾಗಿದಾನೆ," ಅಂದೆ.

"ಎಷ್ಟನೇ ಕ್ಲಾಸು?"

"ಏಳನೇದು." ಬಾಯಿಗೆ ಬಂದದ್ದು ಹೇಳಿದೆ.

"ತರಲೆನಾ?"

"ತುಂಬಾ. ಹೇಳಿದ ಮಾತು ಒಂದೂ ಕೇಳಲ್ಲ. ನನ್ನ ಭುಜಕ್ಕೆ ಬರ್ತಾನೆ ಈಗ. ಬದನೆಕಾಯಿ ಮಾಡಿದ್ರೆ ತಟ್ಟೆ ತಳ್ಳಿ ಎದ್ದೋಗ್ತಾನೆ. ಸೈಕಲ್ ಬೇಕಂತೆ. ಈ ಟ್ರಾಫಿಕ್ಕಲ್ಲಿ ಎಲ್ಲಿ ಕೊಡ್ಸೋದು, ಹೇಳಿ? ಅದಕ್ಕೆ ಮೂರು ದಿನದಿಂದ ಅಪ್ಪನ ಹತ್ರ ಮಾತಿಲ್ಲ."

ಒಂದಾದ ಮೇಲೊಂದು ಬಂದವು. ತೋಳು ಇಟ್ಟೆ, ಎತ್ತರ ಇಟ್ಟೆ, ಮೂತಿ ಊದಿಸಿದೆ. ಸತ್ತವರಿಗೆ ಕೋಟು ಹಾಕುವ ಕೈ ನನ್ನದು, ಎಲ್ಲೂ ತಡವರಿಸಲಿಲ್ಲ. ಆಂಜನಮ್ಮ ಕೇಳುತ್ತಾ ಕೇಳುತ್ತಾ ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಅಷ್ಟು ಹೊತ್ತು ಅವನು ನಿಜವಾಗಿ ಏಳನೇ ಕ್ಲಾಸಿನಲ್ಲಿದ್ದ.

ಫ್ರೇಮಿನ ಫೋಟೋ ತೆಗೆದುಕೊಂಡು ಹೊರಡುವಾಗ ಹಿತ್ತಿಲಿನ ಸೀಬೆಹಣ್ಣು ಐದಾರು ಕವರಿಗೆ ಹಾಕಿ ಕೊಟ್ಟರು. "ಅವನಿಗೇ ಕೊಡ್ಬೇಕು. ಒಂದ್ಸಲ ಕರ್ಕಂಡು ಬನ್ನಿ ಅಕ್ಕ. ಆ ಕಣ್ಣನ್ನ ನಾನೊಂದ್ಸಲ ನೋಡ್ಬೇಕು."

"ಪರೀಕ್ಷೆ ಮುಗೀಲಿ," ಅಂದೆ. "ಕರ್ಕೊಂಡು ಬರ್ತೀನಿ."

ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿ ಕೂತಾಗ ಮೆಹ್ವಿಶ್ ಮೆಸೇಜ್ ಬಂತು. ಫೈಲ್ ಸಿಕ್ತಾ, ಕಲೆ ಅಂದರೇನು ಅಂತ ಎರಡು ಸಾಲಾದರೂ ಕೊಡಿ, ನಾಳೆ ಕೊನೆಯ ದಿನ. ಹದಿನೇಳು ವರ್ಷ ಮಾಡಿದ್ದರಲ್ಲಿ ಕಲೆ ಅನ್ನುವಂಥದ್ದು ಏನಾದರೂ ಇದ್ದರೆ ಅದು ಆ ಇರುವೆಯಷ್ಟು ಕಪ್ಪು ಚುಕ್ಕೆ, ಅದನ್ನೂ ನಾನು ಬೇಕು ಅಂತ ಮಾಡಿದ್ದಲ್ಲ. ಬೇಕು ಅಂತ ಮಾಡಿದ್ದು ಸ್ವಲ್ಪ ಹೊತ್ತಿನ ಹಿಂದೆ, ಆಂಜನಮ್ಮನ ಎದುರು ಕೂತು, ಅದಕ್ಕೆ ಫೈಲ್ ಇಲ್ಲ. ಇದನ್ನು ಆ ಹುಡುಗಿಗೆ ಹೇಗೆ ಬರೆದುಕೊಡಲಿ? 'ಸಿಗಲಿಲ್ಲ. ಬೇರೆ ಯಾರನ್ನಾದ್ರೂ ಕೇಳಮ್ಮಾ' ಅಂತ ಕಳಿಸಿದೆ.

ಸಂಜೆಯ ಮಗ್ರಿಬ್ ನಮಾಜಿಗೆ ಮುಂಚೆ ಮನೆ ಸೇರಿದೆ. ಆದಿಲ್ ಆಗಲೇ ಬಂದಿದ್ದ. ಕವರ್ ನೋಡಿ, "ಸೀಬೆಹಣ್ಣು ಯಾರು ಕೊಟ್ರು?" ಅಂದ.

"ಯಾಸಿರ್‌ಗೆ ಅಂತ ಕೊಟ್ರು," ಅಂದೆ.

ನಾಲ್ಕು ವರ್ಷದ ಮೇಲೆ ನಮ್ಮ ಮನೆಯಲ್ಲಿ ಆ ಹೆಸರು ಬಂತು. ಅವನು ಅಲ್ಲೇ ನೆಲದ ಮೇಲೆ ಕೂತ. ನಾನು ಎಲ್ಲಾ ಹೇಳಿದೆ. ಗುಜರಿಗೆ ಹೋದ ಡಿಸ್ಕು, ಫ್ರೇಮು, ಮಾಲುಗಣ್ಣು, ಎರಡು ಬತ್ತಿ, ನಾನು ಹೇಳಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ನೀನು ಅವತ್ತು ಅಂದ ಮಾತು ಇವತ್ತಿಗೂ ನನ್ನನ್ನು ತಿನ್ನುತ್ತಿದೆ ಅಂತಲೂ ಹೇಳಿದೆ. ಅವನು ತಲೆ ಎತ್ತಲಿಲ್ಲ. ಕೈ ಚಾಚಿದ. ಫೋನ್ ಕೇಳುತ್ತಿದ್ದ. ಅಳಿಸಿಬಿಡುತ್ತಾನೆ ಅಂತ ಭಯವಾಯಿತು. ಆದರೂ ಕೊಟ್ಟೆ.

ರಿಪೇರಿಯವರ ಅಭ್ಯಾಸ, ಎರಡು ಬೆರಳಿಟ್ಟು ಫೋಟೋ ದೊಡ್ಡದು ಮಾಡಿದ. ಮುಖ ಹೋಯಿತು, ಬರೀ ಕಣ್ಣು ಉಳಿಯಿತು. ಇನ್ನೂ ದೊಡ್ಡದು ಮಾಡಿದ. ಬಾಗಿಲು ಕಂಡಿತು, ಅದರಲ್ಲಿ ನಾನು ಕಂಡೆ. ಬಹಳ ಹೊತ್ತು ಹಾಗೇ ಹಿಡಿದುಕೊಂಡು ಕೂತಿದ್ದ.

"ಎಷ್ಟನೇ ಕ್ಲಾಸು ಅಂದೆ?" ಅಂತ ಕೇಳಿದ.

"ಏಳನೇದು."

"ಎಂಟನೇದು," ಅಂದ ಆದಿಲ್. "ಈ ವರ್ಷ ಎಂಟನೇದು."